ಅಮ್ಮನ ಜೊತೆ ಅರ್ಧ ಗಂಟೆ

ಮಾರ್ಚ್ 3, ಭಾನುವಾರ

ಈ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಗಂಡನಿಗೆ ಬಾರದು, ಮಗಳಿಗೆ ಬಾರದು. ಹಾಗಾಗಿ ಇಲ್ಲಿ ಯಾರನ್ನು ಬೇಕಾದರೂ ಧಾರಾಳವಾಗಿ ಬೈದು ಬರೆಯಬಹುದು. ಇವತ್ತಿನ ಸರದಿ ಅಣ್ಣನದು.

ಅಮ್ಮ ಅವನ ಮನೆಯ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಾಳೆ. ಅತ್ತಿಗೆಗೆ ಸೊಂಟನೋವು, ಅಮ್ಮನನ್ನು ಎತ್ತಿ ಕೂರಿಸಲು ಆಗುವುದಿಲ್ಲ. ಅಲ್ಲಿಂದ ಇಲ್ಲಿಗೆ ರೈಲಿನಲ್ಲಿ ಅರ್ಧ ದಿನದ ದಾರಿ. ಸಂಜೆ ಎಲ್ಲರೂ ಫೋನಿನಲ್ಲಿ ಮುಖ ತೋರಿಸಿಕೊಂಡು ಕುಳಿತಿದ್ದಾಗ, ಕೈ ಸರಿಹೋಗುವವರೆಗೆ ಅಮ್ಮ ನನ್ನ ಮನೆಯಲ್ಲಿರಲಿ ಎಂದೆ. ಅಮ್ಮನ ಮುಖ ಅರಳಿತು. ಕಣ್ಣಾರೆ ನೋಡಿದೆ. ಆ ಖುಷಿಯಲ್ಲೇ ಬಾಯಿಬಿಟ್ಟು ಕೆಟ್ಟೆ. "ದಿನಾ ಬೆಳಿಗ್ಗೆ ಅಮ್ಮನ್ನ ನಾನೇ ಚೆನ್ನಾಗಿ ತೊಳೀತೀನಿ" ಅಂದುಬಿಟ್ಟೆ.

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಅಣ್ಣ ಬಿದ್ದು ಬಿದ್ದು ನಕ್ಕ.

"ತೊಳೀತೀಯಾ? ಅಮ್ಮ ಏನು ಪಾತ್ರೆನಾ? ಉಜ್ಜಿ, ತೊಳೆದು, ಬೋರಲು ಹಾಕ್ತೀಯಾ?"

ಇಲ್ಲಿಯ ಭಾಷೆಯಲ್ಲಿ ಬಟ್ಟೆಗೂ ಪಾತ್ರೆಗೂ ಮನುಷ್ಯರಿಗೂ ಒಂದೇ ಮಾತು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಮಾಡುವವಳು ನಾನು, ದಿನವಿಡೀ ಬಾಯಲ್ಲಿ ಅದೇ ಇರುತ್ತದೆ. "ಸ್ನಾನ ಮಾಡಿಸ್ತೀನಿ" ಎನ್ನಬೇಕಿತ್ತು. ಫೋನ್ ಇಟ್ಟ ಮೇಲೆ ನೆನಪಾಯಿತು. ಆಗ ನೆನಪಾಗಿ ಏನು ಬಂತು!

ಅವನು ನಕ್ಕಿದ್ದನ್ನು ಕ್ಷಮಿಸಬಹುದು. ನಗು ಮುಗಿದ ಮೇಲೆ ಹೇಳಿದ್ದನ್ನು ಕ್ಷಮಿಸಲಾರೆ. "ತಮಾಷೆ ಸಾಕು. ಹೋದ ಸಲ ನಿನ್ನ ಮನೆಗೆ ಬಂದು ಹೋದ್ಮೇಲೆ ಅಮ್ಮ ಎಷ್ಟೋ ದಿನ ಸರಿಯಾಗಿ ಮಾತೇ ಆಡಲಿಲ್ಲ. ಅಲ್ಲಿ ಅವಳ ಬಾಯಿಗೆ ಕೆಲಸಾನೇ ಇರ್ಲಿಲ್ಲ. ನಿನ್ನ ಗಂಡಂಗೆ ಬರಲ್ಲ, ಮಗಳಿಗೆ ಬರಲ್ಲ. ನೀನು ಮೂರು ಮಾತಾಡಿ ನಾಲ್ಕನೇದಕ್ಕೆ 'ಅದು... ಅದು...' ಅಂತೀಯ. ಅಮ್ಮ ಯಾರ ಹತ್ರ ಮಾತಾಡ್ಬೇಕು? ಗೋಡೆ ಹತ್ರಾನಾ?"

"ಬಿಡೋ, ಅವಳಿಗೆ ಯಾಕೆ ಬೈತೀಯ" ಎಂದಳು ಅಮ್ಮ. ಆದರೆ ನೀನು ಹೇಳುವುದು ಸುಳ್ಳು ಎನ್ನಲಿಲ್ಲ.

ಕೊನೆಗೆ ದೊಡ್ಡಮನುಷ್ಯನ ತೀರ್ಪು. ತಿಂಗಳ ಕೊನೆಯ ಭಾನುವಾರ ನಾನು ಅಮ್ಮನ ಜೊತೆ ಅರ್ಧ ಗಂಟೆ ಬರೀ ಕನ್ನಡದಲ್ಲಿ ಮಾತಾಡಬೇಕು. ತಡವರಿಸಬಾರದು, ಮಧ್ಯೆ ಇಲ್ಲಿಯ ಭಾಷೆ ತೂರಿಸಬಾರದು. ಇವನು ಪಕ್ಕದಲ್ಲಿ ಕುಳಿತು ಕೇಳುತ್ತಾನಂತೆ. ಗೆದ್ದರೆ ಅಮ್ಮನನ್ನು ರೈಲು ಹತ್ತಿಸುತ್ತಾನೆ. ಇಲ್ಲದಿದ್ದರೆ ಅಲ್ಲೇ ಒಬ್ಬ ಆಯಾಳನ್ನು ಇಡುತ್ತಾನೆ.

ಆಗಲಿ. ನೋಡಿಯೇಬಿಡೋಣ.

ಮಾರ್ಚ್ 4, ಸೋಮವಾರ

ಒಂದು ವಿಷಯ ಖಂಡಿತವಾಗಿ ಬರೆದಿಡುತ್ತೇನೆ. ಕನ್ನಡ ಮರೆತದ್ದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ಬಳಸದ ಸಾಮಾನನ್ನು ಅಟ್ಟಕ್ಕೆ ಹಾಕುತ್ತೇವೆ, ಅಷ್ಟೆ. ಕೆಲಸ ಕೊಟ್ಟದ್ದು ಇಲ್ಲಿಯ ಭಾಷೆ, ಗಂಡನನ್ನು ಕೊಟ್ಟದ್ದು ಇಲ್ಲಿಯ ಭಾಷೆ. ಕನ್ನಡ ಏನು ಕೊಟ್ಟಿತು? ಅಣ್ಣನ ಕೈಲಿ ಬೈಸಿಕೊಳ್ಳುವ ಯೋಗ ಕೊಟ್ಟಿತು. ಅದು ನಾಲ್ಕು ಗೋಡೆಯೊಳಗಿನ ಭಾಷೆ. ನಾನು ಗೋಡೆ ದಾಟಿ ಹೊರಗೆ ಬಂದವಳು.

ಹಾಗಿದ್ದೂ ಇಷ್ಟು ಸಲೀಸಾಗಿ ಬರೆಯುತ್ತಿರುವುದು, ನಾನು ಚಿಕ್ಕವಳಿದ್ದಾಗ ಊರು ಬಿಟ್ಟು ಇತ್ತ ಬಂದ ಮೇಲೂ ಅಪ್ಪ ಟಪಾಲಿನಲ್ಲಿ ತರಿಸುತ್ತಿದ್ದ ವಾರಪತ್ರಿಕೆಯ ಪುಣ್ಯ. ಮದುವೆಯಾಗುವವರೆಗೂ ಅದರ ಧಾರಾವಾಹಿಗಳನ್ನು ಕದ್ದು ಓದುತ್ತಿದ್ದೆ. ಹಾಗಾಗಿ ವಿರಹ, ವೈಮನಸ್ಯ, ಕಟಾಕ್ಷ ಎಲ್ಲ ಗೊತ್ತು. ಆದರೆ ಧಾರಾವಾಹಿಯ ನಾಯಕಿಯರು ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಾರೆಯೇ ಹೊರತು ಅಡುಗೆಮನೆಗೆ ಹೋಗುವುದಿಲ್ಲ. ಇವತ್ತು ನಾನು ಹೋಗಿ ಸುತ್ತ ನೋಡಿದೆ. ಹಿಟ್ಟನ್ನು ಆಡಿಸಿ ಕಸ ತೆಗೆಯುವ ಆ ತೂತುತೂತಿನ ದುಂಡನೆಯದಕ್ಕೆ ಏನನ್ನುತ್ತಾರೆ? ಬಾಗಿಲನ್ನು ಒಳಗಿನಿಂದ ಭದ್ರಮಾಡುವ ಕಬ್ಬಿಣದ ಕಡ್ಡಿಗೆ? ಪಾದದ ಹಿಂದೆ ಚಳಿಗೆ ಬಿರಿಯುತ್ತದಲ್ಲ, ಆ ಜಾಗಕ್ಕೆ? ಕಟಾಕ್ಷ ಗೊತ್ತು, ಪಾದದ ಹಿಂಭಾಗ ಗೊತ್ತಿಲ್ಲ.

ಮಗಳು ಎಲ್ಲ ಸಾಮಾನಿಗೂ ಚೀಟಿ ಅಂಟಿಸು, ಪದವನ್ನು ಫೋನು ಹೇಳಿಕೊಡುತ್ತದೆ ಎಂದಳು. ಕಾಲಿಗೂ ಚೀಟಿ ಅಂಟಿಸಿಕೊಂಡು ಓಡಾಡಲೇನೇ ಎಂದು ಕೇಳಿದೆ.

ಮಾರ್ಚ್ 6, ಬುಧವಾರ

ಅಂಗಡಿಯ ಇಸ್ತ್ರಿ ಮೇಜಿನ ಹುಡುಗಿಗೆ ನಾನು ಮನಸ್ಸಿನಲ್ಲೇ ರೇಡಿಯೋ ಎಂದು ಹೆಸರಿಟ್ಟಿದ್ದೇನೆ. ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ತಂಗಿಯ ಜೊತೆ ಮಾತೇ ಮಾತು. ಆ ಮಾತು ಕನ್ನಡ. ಅವಳು ಸೇರಿ ಎರಡು ವರ್ಷವಾಗಿದೆ. ನನಗೂ ಕನ್ನಡ ಬರುತ್ತದೆಂದು ಅವಳಿಗೆ ಹೇಳಿಲ್ಲ. ಯಾಕೆ ಹೇಳಬೇಕು? ಕಲೆ ತೆಗೆಯುವ ವಿಭಾಗ ಪೂರ್ತಿ ನನ್ನ ಕೈಕೆಳಗಿದೆ, ನನ್ನದೂ ಒಂದು ಮರ್ಯಾದೆ ಇದೆ. ಕೆಲಸದ ವೇಳೆ ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ ಮಾತಾಡಬೇಕೆಂದು ಯಜಮಾನರು ಬೋರ್ಡು ಬರೆಸಿದಾಗ ಅಕ್ಷರ ದಪ್ಪಗಿರಲಿ ಎಂದು ಸಲಹೆ ಕೊಟ್ಟವಳೇ ನಾನು.

ಇವತ್ತು ಒಂದು ಕೋಟಿನ ಕಾಲರಿನ ಮೇಲೆ ಬಗ್ಗಿ ಕಲೆ ತೆಗೆಯುತ್ತಿದ್ದೆ. ರೇಡಿಯೋ ತಂಗಿಗೆ ವರದಿ ಒಪ್ಪಿಸುತ್ತಿದ್ದಳು. "ಇಲ್ಲೇ ನಿಂತಿದಾಳೆ ಕಣೆ, ಆ ಗಂಟುಮೋರೆ. ಬೆಳಿಗ್ಗೆಯಿಂದ ಒಂದು ಕೋಟ್ ಹಿಡ್ಕೊಂಡು ಯುದ್ಧ ಮಾಡ್ತಿದಾಳೆ. ನಕ್ರೆ ಎಲ್ಲಿ ಮುಖ ಹರಿದುಹೋಗುತ್ತೋ ಅಂತ ಭಯ ಅದಕ್ಕೆ."

ಇಂಥವನ್ನು ಎಷ್ಟು ಕೇಳಿ ನುಂಗಿದ್ದೇನೋ. ಇವತ್ತು ಅಣ್ಣನ ಮೇಲಿನ ಸಿಟ್ಟೂ ಸೇರಿಕೊಂಡಿತ್ತು. ತಲೆ ಎತ್ತದೆ ಹೇಳಿದೆ, "ಗಂಟುಮೋರೆ ನಿಮ್ಮಜ್ಜಿ! ಬಾಯಿ ಮುಚ್ಕೊಂಡು ಆ ಪ್ಯಾಂಟ್ ನೋಡು. ಸುಟ್ಟು ಕರಕಲಾಗ್ತಿದೆ!"

ಒಂದಿಷ್ಟೂ ತಡವರಿಸಲಿಲ್ಲ ನಾನು. ಕರಕಲು! ಈ ಪದ ನನ್ನೊಳಗೆ ಎಲ್ಲಿ ಅಡಗಿ ಕುಳಿತಿತ್ತು?

ರೇಡಿಯೋ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ಹಾಗೇ ನಿಂತಳು. "ಅಯ್ಯೋ ದೇವ್ರೇ. ಅಕ್ಕ, ನಿಮಗೆ ಕನ್ನಡ ಬರುತ್ತಾ? ಹಾಗಾದ್ರೆ ಇಷ್ಟು ದಿನ... ಎಲ್ಲಾ ಕೇಳಿಸ್ಕೊಂಡಿದೀರಾ?"

"ನಿನ್ನ ಗಂಡ ಗೊರಕೆ ಹೊಡೆಯೋದರಿಂದ ಹಿಡಿದು ಎಲ್ಲಾ."

ಅವಳಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ನೋಡುತ್ತಾ ಕೇಳಿದಳು, "ಮತ್ತೆ ಒಂದು ದಿನಾನೂ ಯಾಕಕ್ಕ ಮಾತಾಡಿಸ್ಲಿಲ್ಲ? ಇಲ್ಲಿಗೆ ಬಂದ ಹೊಸದ್ರಲ್ಲಿ ನಾನು ಊಟದ ಹೊತ್ತಲ್ಲಿ ಒಬ್ಬಳೇ ಕೂತು ಅಳ್ತಿದ್ದೆ."

ಪ್ಯಾಂಟು ಕೊಡು ಎಂದು ಅವಳ ಕೈಯಿಂದ ಕಿತ್ತುಕೊಂಡೆ. ಆ ಸುಟ್ಟ ಗುರುತು ಹೋಗಿಸಲು ಮಧ್ಯಾಹ್ನವಾಯಿತು.

ಮಾರ್ಚ್ 14, ಗುರುವಾರ

ಒಪ್ಪಂದವಾಗಿದೆ. ತಿಂಗಳ ಕೊನೆಯವರೆಗೆ ರೇಡಿಯೋ ದಿನವೂ ನನ್ನ ಜೊತೆ ಕನ್ನಡದಲ್ಲಿ ಜಗಳವಾಡಬೇಕು. ಅವಳ ತಂಗಿಗೆ ಅಷ್ಟು ದಿನ ರಜೆ. ಪಾಠ ಹೇಳಿಕೊಡುತ್ತೇನೆ ಎಂದಳು. ಬೇಡವೇ ಬೇಡ ಎಂದೆ. ಪಾಠ ಎಂದರೆ ನನ್ನ ನಾಲಿಗೆ ಮೊಂಡು ಹಿಡಿಯುತ್ತದೆ. ಸಿಟ್ಟು ಬಂದರೆ ತಾನಾಗಿ ಓಡುತ್ತದೆ.

ಅವಳ ಕನ್ನಡವೋ ದೇವರಿಗೇ ಪ್ರೀತಿ. ಅರ್ಧ ನಮ್ಮದು, ಅರ್ಧ ಇಲ್ಲಿಯದು, ನಡುವೆ ತಾನೇ ಹುಟ್ಟಿಸಿದ್ದು ನಾಲ್ಕು. ಇವತ್ತು ಶರ್ಟನ್ನು ಎರಡನೇ ನೀರಿಗೆ ಹಾಕಿದ್ದೀರಾ ಎಂದು ಕೇಳಲು ಏನೇನೋ ಹೇಳಿದಳು. "ಜಾಲಿಸೋದು ಅಂತಾರೆ ಅದಕ್ಕೆ" ಎಂದೆ. ಅಂದ ಮೇಲೆ ನಾನೇ ದಂಗಾದೆ. ಅದರ ಬೆನ್ನಿಗೇ ಒಂದೊಂದಾಗಿ ಬಂದವು. ನೆನೆಹಾಕುವುದು, ಕುಸುಬುವುದು, ಜಾಲಿಸುವುದು, ಹಿಂಡುವುದು, ಕೊಡವುವುದು, ಹರವುವುದು. ಅಮ್ಮ ಬಟ್ಟೆ ಒಗೆಯುವಾಗ ಪಕ್ಕದಲ್ಲಿ ಕುಳಿತು ಕಾಲು ನೆನೆಸಿಕೊಳ್ಳುತ್ತಿದ್ದೆನಲ್ಲ. ಇಷ್ಟೆಲ್ಲ ಇಟ್ಟುಕೊಂಡು ಎಲ್ಲದಕ್ಕೂ ತೊಳಿ ತೊಳಿ ಎನ್ನುತ್ತಿದ್ದ ನಾನು ಎಂಥ ಪೆದ್ದಿ!

"ನಿಮಗೆ ತಿದ್ದೋಕೆ ಚೆನ್ನಾಗಿ ಬರುತ್ತೆ, ಮಾತಾಡೋಕೆ ಮಾತ್ರ ಬರಲ್ಲ" ಎಂದು ರೇಡಿಯೋ ಮೂತಿ ತಿರುಗಿಸಿದಳು.

"ಮರೆತುಹೋಗಿದೆ ಕಣೆ, ಏನು ಮಾಡ್ಲಿ?"

"ಮರೆತಿಲ್ಲ ಅಕ್ಕ. ನಿಮಗೆ ಅದು ಕೀಳು ಅಂತ ಅನ್ನಿಸ್ತು, ಒಳಗಿಟ್ರಿ. ಈಗ ತೆಗೆಯೋಕೆ ಹೋದ್ರೆ ತಪ್ಪಾಡ್ತೀನಿ ಅಂತ ಹೆದರಿಕೆ. ನಾನು ದಿನಾ ತಪ್ಪಾಡ್ತೀನಿ, ನಂಗೇನಾಗಿದೆ? ಪದ ಸಿಗದಿದ್ರೆ ಪಕ್ಕದ್ದು ಹಾಕಿ ಮುಂದೆ ಹೋಗ್ತೀನಿ. ನೀವು ಒಂದು ಪದ ಸಿಗಲಿಲ್ಲ ಅಂತ ಮಾತನ್ನೇ ಬಿಟ್ಬಿಡ್ತೀರಿ. ಗುಂಡಿ ಬಿದ್ದುಹೋಯ್ತು ಅಂತ ಯಾರಾದ್ರೂ ಅಂಗೀನೇ ಎಸೀತಾರಾ?"

ಇಷ್ಟುದ್ದ ಭಾಷಣ. ಹೆಸರು ಸರಿಯಾಗಿಯೇ ಇಟ್ಟಿದ್ದೇನೆ ಇವಳಿಗೆ.

ಮಾರ್ಚ್ 19, ಮಂಗಳವಾರ

ಯಜಮಾನರು ಒಳಗೆ ಕರೆದರು. ಗಿರಾಕಿಯೊಬ್ಬರ ದೂರು ಬಂದಿದೆ. ಒಳಗಡೆ ಇಬ್ಬರು ಹೆಂಗಸರು ಯಾವುದೋ ಭಾಷೆಯಲ್ಲಿ ಕಿರುಚಾಡುತ್ತಾರೆ, ನಮ್ಮನ್ನೇ ಆಡಿಕೊಳ್ಳುತ್ತಾರೆ ಎನ್ನಿಸುತ್ತದೆ ಎಂದರಂತೆ.

"ಬೋರ್ಡಿಗೆ ದಪ್ಪ ಅಕ್ಷರ ಬೇಕು ಅಂದೋರು ನೀವೇ ಅಲ್ವಾ?" ಎಂದರು ಯಜಮಾನರು.

"ಅಕ್ಷರ ದಪ್ಪಗೇ ಇದೆ. ನಮ್ಮ ಮಾತಿನಿಂದ ಬಟ್ಟೆಗೆ ಏನಾದ್ರೂ ಕಲೆ ಆಗಿದ್ರೆ ಹೇಳಿ, ಇವತ್ತೇ ನಿಲ್ಲಿಸ್ತೀವಿ."

"ಅದಿರ್ಲಿ. ಅವರನ್ನ ಆಡ್ಕೊಳ್ತಿದ್ರಾ ಇಲ್ವಾ?"

"ಆಡ್ಕೊಳ್ತಿದ್ವಿ. ವಾರವಾರ ಬಿಳಿ ಅಂಗಿಗೆ ಅದೇ ಜಾಗದಲ್ಲಿ ಟೀ ಚೆಲ್ಲಿಕೊಂಡು ಬಂದ್ರೆ ಇನ್ನೇನು ಮಾಡ್ಬೇಕು? ಇಲ್ಲಿಯ ಭಾಷೇಲಿ ಆಡ್ಕೊಂಡ್ರೆ ಅವರಿಗೆ ಬೇಜಾರಾಗುತ್ತೆ ಅಂತ ನಮ್ಮದ್ರಲ್ಲಿ ಆಡ್ಕೊಂಡ್ವಿ."

ನಗಬಾರದೆಂದು ಅವರು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಕಳಿಸಿದರು. ಮೆಲ್ಲಗೆ ಜಗಳವಾಡಿದರೆ ಅದು ಜಗಳವೇ ಅಲ್ಲ. ಅದು ಅವರಿಗೆ ಹೇಗೆ ತಿಳಿಯಬೇಕು! ಬೋರ್ಡು ಅಲ್ಲೇ ಇದೆ, ನಾವೂ ಅಲ್ಲೇ ಇದ್ದೇವೆ.

ಮಾರ್ಚ್ 25, ಸೋಮವಾರ

ಬರೆಯುವಂಥದ್ದೇನೂ ಇಲ್ಲ. ಜರಡಿಯ ತಂತಿ ಕಿತ್ತುಹೋಗಿದೆ, ಹೊಸದು ತರಬೇಕು. ಹಿಮ್ಮಡಿ ಒಡೆದು ಉರಿಯುತ್ತಿದೆ. ಬೆಳಿಗ್ಗೆ ಮಗಳಿಗೆ ಚಿಲಕ ಹಾಕಿಕೊಳ್ಳೇ ಎಂದು ಕೂಗಿ ಹೊರಟೆ. ಅವಳು ಬಾಗಿಲು ತೆರೆದು ಏನು, ಏನು ಎಂದು ಕೇಳುತ್ತಲೇ ಇದ್ದಳು. ಬಸ್ಸಿಗೆ ಹೊತ್ತಾಗಿತ್ತು, ತಿರುಗಿ ನೋಡಲಿಲ್ಲ. ಈ ಹುಡುಗಿಗೆ ಒಂದು ಮಾತು ಎರಡು ಸಲ ಹೇಳಬೇಕು.

ಭಾನುವಾರಕ್ಕೆ ಇನ್ನು ಆರೇ ದಿನ. ಸೋಲುವುದಿಲ್ಲ.

ಮಾರ್ಚ್ 31, ಭಾನುವಾರ

ಈಗಲೇ ಬರೆಯಬೇಕು.

ಅಣ್ಣ ಗಡಿಯಾರ ಮುಂದಿಟ್ಟುಕೊಂಡು ಪರೀಕ್ಷೆಯ ಮೇಷ್ಟ್ರಂತೆ ಕುಳಿತಿದ್ದ. ಮೊದಲು ಎಲ್ಲ ಸರಾಗವಾಗಿ ಹೋಯಿತು. ಕೈ ನೋವು ಕಡಿಮೆಯಾಯ್ತಾ, ಪಟ್ಟಿಯ ಒಳಗೆ ತುರಿಸುತ್ತಾ, ಮಗ್ಗುಲು ಬದಲಿಸೋಕೆ ಆಗುತ್ತಾ, ಎಲ್ಲ ಕೇಳಿದೆ. ಒಂದು ಕಡೆಯೂ ಎಡವಲಿಲ್ಲ. ಅಮ್ಮ ಹೂಂ, ಪರವಾಗಿಲ್ಲ ಎನ್ನುತ್ತಿದ್ದಳು, ಬೇರೆಯವರ ಮನೆಗೆ ಬಂದವಳ ಹಾಗೆ. ಆಮೇಲೆ ನನ್ನನ್ನು ಹೊಗಳಿದಳು. ಕೆಟ್ಟದ್ದು ಅಲ್ಲಿಯೇ.

"ಚೆನ್ನಾಗಿ ಕಲ್ತಿದೀಯ ಕಣೆ. ಮೊದ್ಲೇ ಬಿಡದೆ ಇದ್ದಿದ್ರೆ ಇವೆಲ್ಲ ಬೇಕಿತ್ತಾ? ನೀನಾಗೇ ಬಿಟ್ಟೆ. ನಿಂಗೆ ನಮ್ಮ ಮಾತು ಅಂದ್ರೆ ಮೊದ್ಲಿಂದ ಅಸಡ್ಡೆ."

"ನಾನಾಗೇ ಬಿಟ್ನಾ? ಬಿಡಿಸಿದ್ದು ಯಾರು?"

"ಯಾರು?"

"ನೀನು! ಬಸ್ಸಲ್ಲಿ ನಾನು ಬಾಯಿ ತೆಗೆದ್ರೆ ಸಾಕು, ಜನ ತಿರುಗಿ ನೋಡ್ತಾರೆ ಅಂತ ಎರಡು ಬೆರಳಲ್ಲಿ ನನ್ನ ತೊಡೆ ಹಿಡ್ಕೊಂಡು... ಹಿಡ್ಕೊಂಡು..."

ಪದ ಇಲ್ಲ. ಅಣ್ಣ ಗಡಿಯಾರದಿಂದ ತಲೆ ಎತ್ತಿದ. ಇಲ್ಲಿಯ ಭಾಷೆಯ ಪದ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು, ಹಲ್ಲು ಕಚ್ಚಿ ಅದನ್ನು ತಡೆದೆ. ನನ್ನ ತೊಡೆಗೆ ಚೆನ್ನಾಗಿ ಗೊತ್ತಿರುವ ಪದ, ಬಾಯಿಗೆ ಬರಲೊಲ್ಲದು. "ಹೀಗೆ ಹಿಡಿದು, ಹೀಗೆ ತಿರುವಿ..." ಎಂದು ಫೋನಿನ ಮುಂದೆ ಹುಚ್ಚಿಯಂತೆ ಬೆರಳು ಆಡಿಸಿದೆ.

ಅಮ್ಮ ನನ್ನ ಬೆರಳುಗಳನ್ನು ನೋಡಿದಳು.

"ಚಿವುಟ್ತಿದ್ದೆ ಅನ್ನು" ಎಂದಳು. "ಅದಕ್ಯಾಕೆ ಅಷ್ಟು ಪರದಾಡ್ತೀಯ? ಚಿವುಟ್ತಿದ್ದೆ. ಹೌದು, ಚಿವುಟಿದೀನಿ."

"ಅಲ್ಲಿಗೆ ಮುಗೀತು, ಪದ ಸಿಗಲಿಲ್ಲ" ಎಂದ ಅಣ್ಣ.

"ನೀನು ಸುಮ್ನಿರೋ!" ಎಂದಳು ಅಮ್ಮ. "ನೀನು ಸುಮ್ನಿರು!" ಎಂದೆ ನಾನು. ಇಬ್ಬರೂ ಒಟ್ಟಿಗೇ ಕಿರುಚಿದೆವು.

"ಚಿವುಟಿ ಚಿವುಟಿ ನನ್ನ ಬಾಯಿ ಮುಚ್ಚಿಸಿದೆ. ಈಗ ಮಾತು ಬರಲ್ಲ ಅಂತ ಎಲ್ಲರೂ ಸೇರ್ಕೊಂಡು ನಗ್ತೀರ! ಅಣ್ಣಂಗೆ ಯಾಕೆ ಚಿವುಟಲಿಲ್ಲ?"

"ಅವನು ನಿಮ್ಮಪ್ಪನ ಪಕ್ಕ ಕೂರ್ತಿದ್ದ. ನಿಮ್ಮಪ್ಪಂಗೆ ಯಾರ ಭಯಾನೂ ಇರ್ಲಿಲ್ಲ, ನಂಗಿತ್ತು. ಬಂದ ಹೊಸದ್ರಲ್ಲಿ ಇಳಿಯೋ ಜಾಗದ ಹೆಸರು ತಪ್ಪಾಗಿ ಹೇಳಿದೆ ಅಂತ ಬಸ್ಸಿಗೆ ಬಸ್ಸೇ ನಕ್ಕಿತ್ತು ಕಣೆ ನನ್ನ ನೋಡಿ. ನೀನು ಮಡಿಲಲ್ಲಿ ಕೂತಿದ್ದೆ. ಅವರು ನಕ್ರು ಅಂತ ನೀನೂ ನಕ್ಕೆ. ಇವಳಿಗೆ ಹಾಗಾಗಬಾರದು ಅಂತ ಚಿವುಟಿದೆ."

"ಹೊರಗಿನೋರು ನಗಲಿಲ್ಲ, ಮನೆಯೋರು ನಗ್ತಿದಾರೆ. ಸಮಾಧಾನ ಆಯ್ತಾ?"

"ಸಮಾಧಾನ ಅಂತೆ! ಚಿವುಟಿದ್ದು ನೆನಪಿಟ್ಕೊಂಡಿದೀಯ, ಆಮೇಲೆ ಎಣ್ಣೆ ಹಚ್ಚಿದ್ದು ನೆನಪಿದೆಯಾ? ನಿಮ್ಮಪ್ಪ ಇದ್ದಿದ್ರೆ..."

"ಅಪ್ಪನ್ನ ಯಾಕೆ ಮಧ್ಯೆ ಎಳೀತೀಯ?"

"ಎಳೀತೀನಿ! ನನ್ನ ಗಂಡ, ನಾನು ಎಳೀತೀನಿ!"

ಎಡಗೈಯಲ್ಲಿ ಫೋನಿನ ಮೇಲೆ ಏನೋ ಗುದ್ದಿದಳು. ಪರದೆ ಕಪ್ಪಾಯಿತು.

ಅರ್ಧ ಗಂಟೆಗೆ ಇನ್ನೂ ಬಹಳ ಬಾಕಿಯಿತ್ತು. ಸೋತೆ. ಅಳು ಬಂತು, ಅತ್ತೆ. ಅಮ್ಮ ಬರುವುದಿಲ್ಲ. ಆದರೆ ಆಡಿದ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಏಪ್ರಿಲ್ 1, ಸೋಮವಾರ

ಯಾರ ಫೋನೂ ಇಲ್ಲ. ಅಮ್ಮನಿಗೆ ಕೊಡಬಹುದಾಗಿದ್ದ ಎರಡು ಒಳ್ಳೆಯ ಉತ್ತರಗಳು ಈಗ ಹೊಳೆಯುತ್ತಿವೆ. ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ದವೋ.

ಏಪ್ರಿಲ್ 3, ಬುಧವಾರ

ಅಣ್ಣನ ಫೋನು. ದನಿಯಲ್ಲಿ ಮೇಷ್ಟ್ರು ಇರಲಿಲ್ಲ, ದಣಿದ ಮನುಷ್ಯನಿದ್ದ.

"ಏನು ಮಾಡಿಟ್ಟಿದೀಯೇ ಅಮ್ಮಂಗೆ? ಅವತ್ತಿಂದ ಒಬ್ಬಳೇ ನಿನ್ನ ಜೊತೆ ಜಗಳ ಆಡ್ತಿದಾಳೆ. ತಿಂಡಿ ತಿನ್ನುವಾಗ ಆಡ್ತಾಳೆ, ಬಚ್ಚಲಲ್ಲಿ ಆಡ್ತಾಳೆ. ನಾವು 'ಹೌದಮ್ಮ, ಆಯ್ತಮ್ಮ' ಅಂದ್ರೆ ನಮ್ಮ ಮೇಲೇ ರೇಗ್ತಾಳೆ. ಆಯಾನ ಬಾಗಿಲಿಂದಾನೇ ವಾಪಸ್ ಕಳಿಸಿದ್ಲು."

"ಯಾಕಂತೆ?"

"ಈ ಮನೇಲಿ ಎಲ್ಲರೂ ತಲೆ ಆಡಿಸೋರೇ, ಎದುರು ಮಾತಾಡೋರೇ ಇಲ್ಲ ಅಂತಾಳೆ. ಜಗಳ ಅರ್ಧಕ್ಕೆ ನಿಂತಿದೆಯಂತೆ, ಅಲ್ಲಿಗೇ ಬಂದು ಮುಗಿಸ್ತಾಳಂತೆ. ಚೀಲ ತುಂಬ್ಕೊಂಡು ಕೂತಿದಾಳೆ. ಶನಿವಾರ ಕರ್ಕೊಂಡು ಬಂದು ಬಿಟ್ಟು ಹೋಗ್ತೀನಿ."

"ಮತ್ತೆ ನಿನ್ನ ಪರೀಕ್ಷೆ?"

"ಕೈ ಮುಗೀತೀನಿ ತಾಯಿ, ಆ ಮಾತು ಎತ್ತಬೇಡ."

ಬರಲಿ. ನಾನೇನು ಹೆದರುತ್ತೇನೆಯೇ? ಎರಡು ಉತ್ತರಗಳು ಆಗಲೇ ತಯಾರಿವೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ.

ಏಪ್ರಿಲ್ 6, ಶನಿವಾರ

ಅಣ್ಣ ಅದೇ ರೈಲಿನಲ್ಲಿ ಹಿಂದಿರುಗಿದ. ಚೀಲ ನನ್ನ ಹೆಗಲಿಗೆ, ಅಮ್ಮ ನನ್ನ ತೋಳಿಗೆ. ಇಳಿದ ಕೂಡಲೇ ಚೆನ್ನಾಗಿದ್ದೀಯಾ ಎನ್ನಲಿಲ್ಲ ಅವಳು. "ಎಣ್ಣೆ ಹಚ್ಚಿದ್ದು ನೆನಪಿದೆಯಾ ಅಂತ ಕೇಳಿದ್ರೆ ನೀನು ಉತ್ತರಾನೇ ಕೊಡಲಿಲ್ಲ" ಎಂದಳು.

"ಕೊಡೋಕೆ ಮೊದ್ಲೇ ಫೋನ್ ಕುಕ್ಕಿದ್ದು ಯಾರು?"

ಅಲ್ಲಿಂದ ಬಸ್ಸಿನವರೆಗೆ, ಬಸ್ಸು ಹತ್ತಿದ ಮೇಲೂ, ಉಸಿರು ತೆಗೆದುಕೊಳ್ಳಲು ಮಾತ್ರ ನಿಲ್ಲಿಸಿದೆವು. ನನಗೆ ಒಂದೆರಡು ಕಡೆ ಪದ ಸಿಗಲಿಲ್ಲ. ಇಲ್ಲಿಯದನ್ನೇ ಹಾಕಿ ಮುಂದೆ ಹೋದೆ. ಅಮ್ಮನೂ ಅದನ್ನೇ ಎತ್ತಿಕೊಂಡು ನನಗೆ ವಾಪಸ್ ಎಸೆದಳು. ಅವಳ ದನಿ ಏರಿತು, ನನ್ನದೂ ಏರಿತು. ಮುಂದಿನ ಸೀಟಿನ ಕನ್ನಡಕದ ಮನುಷ್ಯ ತಿರುಗಿ, ಇಲ್ಲಿಯ ಭಾಷೆಯಲ್ಲಿ, ಸ್ವಲ್ಪ ಮೆಲ್ಲಗೆ ಮಾತಾಡಿ, ಇಡೀ ಬಸ್ಸಿಗೆ ಕೇಳಿಸುತ್ತಿದೆ ಎಂದ.

ನನ್ನ ತೊಡೆ ತಾನಾಗಿಯೇ ಬಿಗಿಯಿತು.

"ಏನಂತೆ ಅವನಿಗೆ?" ಎಂದಳು ಅಮ್ಮ.

"ನಮ್ಮ ಮಾತು ಇಡೀ ಬಸ್ಸಿಗೆ ಕೇಳಿಸ್ತಿದೆಯಂತೆ."

ಅಮ್ಮ ಆ ಮನುಷ್ಯನನ್ನು ನೋಡಿದಳು. ಆಮೇಲೆ ಕತ್ತು ತಿರುಗಿಸಿ ಕೊನೆಯ ಸೀಟಿನವರೆಗೆ ಕುಳಿತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

"ಹಿಂದಿನೋರಿಗೂ ಸರಿಯಾಗಿ ಕೇಳಿಸ್ತಿದೆಯಾ ಅಂತ ಕೇಳು."

ಕೇಳಿದೆ.